ಸ್ಕೂಟಿ ಕೀ ಯಾರ ಕೈಲಿದೆ? ಬಳ್ಳಾರಿಯ ಅಪ್ಪ-ಅಮ್ಮಂದಿರಿಗೆ ಒಂದು ಮಾರ್ಗದರ್ಶಿ

"ಗಾಡಿ ತಗೊಂಡು ಹೋಗು, ಬೇಗ ಬಾ." ಹದಿನಾಲ್ಕು ಹದಿನೈದು ವರ್ಷದ ಮಕ್ಕಳು ಮೊದಲ ಸಲ ಸ್ಕೂಟಿ ಹತ್ತುವುದು ಹೆಚ್ಚಾಗಿ ಈ ಮಾತಿನಿಂದಲೇ. ಹಠ ಮಾಡಿ ಕೀ ಕಸಿದುಕೊಂಡು ಹೋಗುವ ಹುಡುಗರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಬಹಳ ಮನೆಗಳಲ್ಲಿ ನಡೆಯುವುದು ಬೇರೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬರಬೇಕು. ತಂಗಿಯನ್ನು ಟ್ಯೂಷನ್‌ಗೆ ಬಿಡಬೇಕು. ಅಪ್ಪ ಡ್ಯೂಟಿಯಲ್ಲಿ, ಅಮ್ಮ ಒಲೆ ಮುಂದೆ. ಗಾಡಿ ಅಂಗಳದಲ್ಲಿದೆ, ಹುಡುಗ ಖಾಲಿ ಇದ್ದಾನೆ. ಮುಗೀತು.

ಬಳ್ಳಾರಿಯಲ್ಲಿ ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಯಾವುದಾದರೂ ಬಡಾವಣೆಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಗಾಂಧಿನಗರವಿರಲಿ, ಸತ್ಯನಾರಾಯಣಪೇಟೆಯಿರಲಿ, ಕೌಲ್ ಬಜಾರ್ ಇರಲಿ, ಯೂನಿಫಾರ್ಮಿನಲ್ಲೇ ತ್ರಿಬಲ್ ಹೋಗುವ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಅವರನ್ನು ಬೈಯುವುದು ಸುಲಭ. ಆ ಕೆಲಸಕ್ಕೆ ಅವರನ್ನು ಕಳಿಸಿದ್ದು ಯಾರು, ಕೀ ಕೊಟ್ಟಿದ್ದು ಯಾರು ಅಂತ ಕೇಳಿಕೊಳ್ಳುವುದು ಸ್ವಲ್ಪ ಕಷ್ಟ. ಹಾಗಾಗಿ ಈ ಲೇಖನ ದೊಡ್ಡವರು ಮಾಡಬೇಕಾದ ಕೆಲಸಗಳ ಬಗ್ಗೆ.

ಮೊದಲು: ಮಗುವಿನ ಕೈಲಿರುವುದು ಯಾವ ಸ್ಕೂಟರ್?

ಸ್ಕೂಟರ್ ಅಂತ ನಾವು ಕರೆಯುವುದರಲ್ಲಿ ಮೂರು ಬಗೆ ಇವೆ. ಒಂದು, ಕಾಲಲ್ಲಿ ನೆಲ ಒದ್ದು ತಳ್ಳಿಕೊಂಡು ಹೋಗುವ ಮಕ್ಕಳ ಕಿಕ್ ಸ್ಕೂಟರ್. ಎರಡು, ನಂಬರ್ ಪ್ಲೇಟ್ ಇಲ್ಲದ ನಿಧಾನದ ಬ್ಯಾಟರಿ ಸ್ಕೂಟರ್. ಮೂರು, ಪೆಟ್ರೋಲ್ ಸ್ಕೂಟಿ ಮತ್ತು ನಂಬರ್ ಪ್ಲೇಟ್ ಇರುವ ಎಲೆಕ್ಟ್ರಿಕ್ ಸ್ಕೂಟರ್. ಇವು ಮೂರಕ್ಕೂ ಅಪಾಯ ಬೇರೆ, ಕಾನೂನೂ ಬೇರೆ.

ಕಿಕ್ ಸ್ಕೂಟರ್: ಎಲ್ಲಿ ಬಿಡಬೇಕು, ಯಾವಾಗ ಬಿಡಬೇಕು

ಇದಕ್ಕೆ ಮೋಟಾರ್ ಇಲ್ಲ, ಲೈಸೆನ್ಸ್ ಬೇಡ. ಅದಕ್ಕೇ ನಾವು ಇದನ್ನು ಆಟಿಕೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ಇದರ ಚಕ್ರ ಚಿಕ್ಕದು, ಗಟ್ಟಿ. ಸೈಕಲ್ ಚಕ್ರ ಹತ್ತಿ ಇಳಿಯುವ ಒಂದು ಸಣ್ಣ ಜಲ್ಲಿಕಲ್ಲಿಗೆ ಇದು ಗಕ್ಕನೆ ನಿಂತುಬಿಡುತ್ತದೆ. ಸ್ಕೂಟರ್ ನಿಲ್ಲುತ್ತದೆ, ಮಗು ಮುಂದಕ್ಕೆ ಹೋಗುತ್ತದೆ. ಪೆಟ್ಟು ಬೀಳುವುದು ಮುಂಗೈಗೆ, ಗದ್ದಕ್ಕೆ, ಹಲ್ಲಿಗೆ, ತಲೆಗೆ. ನಮ್ಮ ಊರಿನ ರಸ್ತೆಯ ಅಂಚಿನಲ್ಲಿ ಮರಳು, ಧೂಳು ಯಾವಾಗಲೂ ಇರುತ್ತದೆ. ಎತ್ತರ ತಗ್ಗಾಗಿ ಕೂತ ಒಳಚರಂಡಿ ಮುಚ್ಚಳಗಳಂತೂ ಇದ್ದೇ ಇವೆ.

ಬಿಡುವ ಮೊದಲು ಆ ಜಾಗವನ್ನು ನೀವೇ ಒಮ್ಮೆ ನಡೆದು ನೋಡಿ. ಮಟ್ಟಸವಾದ ಸಿಮೆಂಟ್ ನೆಲ ಅಥವಾ ಕಲ್ಲುಹಾಸು ಇರಬೇಕು. ಗೇಟು ಇರುವ ಅಪಾರ್ಟ್‌ಮೆಂಟ್ ಅಂಗಳ, ಬಡಾವಣೆಯ ಪಾರ್ಕು, ರಜೆಯ ದಿನ ಅನುಮತಿ ಕೇಳಿ ಶಾಲೆಯ ಅಂಗಳ, ಇಂಥವು ಆಗುತ್ತವೆ. ಮುನ್ಸಿಪಲ್ ಮೈದಾನದಂಥ ಮಣ್ಣಿನ ಬಯಲು ಓಡಲು ಚೆನ್ನ, ಚಿಕ್ಕ ಚಕ್ರಕ್ಕೆ ಆಗುವುದಿಲ್ಲ. ಕೋಟೆ ಗುಡ್ಡದ ಬುಡದಲ್ಲಿ ಮನೆಯಿದ್ದರೆ ಇಳಿಜಾರು ಓಣಿಯ ಆಸೆ ಬಿಡಿ. ಇದರ ಬ್ರೇಕ್ ಅಂದರೆ ಹಿಂದಿನ ಚಕ್ರದ ಮೇಲೆ ಕಾಲಿಟ್ಟು ಒತ್ತುವುದು. ಚಿಕ್ಕ ಮಗುವಿನ ತೂಕ ಇಳಿಜಾರಿನಲ್ಲಿ ಅದಕ್ಕೆ ಸಾಲುವುದಿಲ್ಲ.

ಹೊತ್ತಿನ ವಿಷಯ ಬಳ್ಳಾರಿಯಲ್ಲಿ ವಿಚಿತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲು. ಐದು ಗಂಟೆಗೂ ಡಾಂಬರು ಸುಡುತ್ತಿರುತ್ತದೆ. ಮಕ್ಕಳು ಹೊರಗೆ ಬರುವುದು ಆರರ ಮೇಲೆ. ಅದೇ ಹೊತ್ತಿಗೆ ಆಫೀಸು, ಟ್ಯೂಷನ್, ಮಾರ್ಕೆಟ್ ಎಲ್ಲ ಗಾಡಿಗಳೂ ರಸ್ತೆಗೆ ಬಂದಿರುತ್ತವೆ, ಬೆಳಕು ಮಬ್ಬಾಗಿರುತ್ತದೆ. ಸಾಧ್ಯವಿದ್ದರೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಆಡಿಸಿ. ಸಂಜೆಯೇ ಆಗಬೇಕು ಅಂದರೆ ಗೇಟಿನ ಒಳಗೆ ಮಾತ್ರ.

ಎಂಟು ವರ್ಷದೊಳಗಿನ ಮಗುವನ್ನು ಒಂದನ್ನೇ ಬಿಡಬೇಡಿ. ಕಾಣುವಷ್ಟು ದೂರ ಅಂದರೆ ಸಾಲದು, ಓಡಿ ಹಿಡಿಯುವಷ್ಟು ಹತ್ತಿರ ಇರಬೇಕು. ಎದುರಿಗೆ ಬರುವ ಬೈಕು ಎಷ್ಟು ವೇಗದಲ್ಲಿದೆ ಅಂತ ಅಂದಾಜು ಮಾಡುವುದು ಆ ವಯಸ್ಸಿಗೆ ಬಂದಿರುವುದಿಲ್ಲ. ಇನ್ನೊಂದು ಅಪಾಯ ಹಿಂದಕ್ಕೆ ಬರುವ ಗಾಡಿಗಳದ್ದು. ನಮ್ಮ ಓಣಿಗಳಿಗೆ ನೀರಿನ ಟ್ಯಾಂಕರ್, ಕಸದ ಗಾಡಿ, ಇಟ್ಟಿಗೆ ಟ್ರಾಕ್ಟರ್ ಬರುತ್ತಲೇ ಇರುತ್ತವೆ. ಮೂರಡಿ ಎತ್ತರದ ಮಗು ಟ್ರಾಕ್ಟರ್ ಟ್ರಾಲಿಯ ಹಿಂದೆ ಇದ್ದರೆ ಡ್ರೈವರ್‌ಗೆ ಕಾಣುವುದೇ ಇಲ್ಲ. ದೊಡ್ಡ ಗಾಡಿ ಓಣಿಗೆ ಬಂತು ಅಂದರೆ ಸ್ಕೂಟರ್ ಕೈಲಿ ಹಿಡಿದು ಮನೆ ಕಟ್ಟೆ ಹತ್ತಬೇಕು. ಇದನ್ನು ಆಟದ ನಿಯಮದ ಹಾಗೆ ಕಲಿಸಿ, ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ.

ಹೆಲ್ಮೆಟ್ ಬೇಕು. ಸೈಕಲ್, ಸ್ಕೇಟಿಂಗ್‌ಗೆ ಸಿಗುವ ಹಗುರ ಹೆಲ್ಮೆಟ್ ಸಾಕು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಮಾತ್ರ ಜಾಗ ಬಿಟ್ಟು ಕೂರಬೇಕು. ಗದ್ದದ ಪಟ್ಟಿಯ ಒಳಗೆ ಒಂದು ಬೆರಳು ಹೋಗುವಷ್ಟು ಬಿಗಿ ಇರಬೇಕು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು. "ಬೆಳೆಯೋ ಮಗು" ಅಂತ ಎರಡು ಸೈಜ್ ದೊಡ್ಡದು ತರುವ ನಮ್ಮ ಹಳೆ ಬುದ್ಧಿ ಅಂಗಿಗೆ ಸರಿ, ಹೆಲ್ಮೆಟ್‌ಗೆ ಬೇಡ. ಕಾಲಿಗೆ ಶೂ ಇರಲಿ, ಹವಾಯಿ ಚಪ್ಪಲಿ ಬೇಡ.

ಪಾರ್ಕಿನಲ್ಲಿ ಆಡುವಾಗ ಒಂದು ಮಾತು. ಅಲ್ಲಿ ವಾಕಿಂಗ್ ಮಾಡುವ ಅಜ್ಜ ಅಜ್ಜಿಯರಿಗೆ ದಾರಿ ಮೊದಲು. ಹಿಂದಿನಿಂದ ಸದ್ದಿಲ್ಲದೆ ಬಂದ ಸ್ಕೂಟರ್ ತಾಗಿ ಎಪ್ಪತ್ತು ವರ್ಷದವರು ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಮಗು ತಾನೇ ಅಂತ ನಕ್ಕು ಬಿಡುವ ವಿಷಯ ಅಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಖರ್ಚು ನೋಡಿಕೊಳ್ಳುವುದು ಆ ಮಗುವಿನ ಮನೆಯವರ ಹೊಣೆ. ಜನರ ಹತ್ತಿರ ಬಂದಾಗ ಇಳಿದು ತಳ್ಳಿಕೊಂಡು ಹೋಗು ಅಂತ ಮೊದಲ ದಿನವೇ ಹೇಳಿ. ದುರ್ಗಮ್ಮನ ಗುಡಿಯ ಸುತ್ತಮುತ್ತ ಮನೆಯಿದ್ದವರಿಗೆ ಹೇಳಬೇಕಾಗಿಲ್ಲ, ಸಿಡಿಬಂಡಿ ಜಾತ್ರೆಯ ದಿನ ಸ್ಕೂಟರ್ ಅಟ್ಟಕ್ಕೆ ಹಾಕಿಬಿಡಿ.

ನಿಮ್ಮ ಗಾಡಿಯ ಮುಂದೆ ನಿಲ್ಲುವ ಪುಟ್ಟ ಮಗು

ಇದು ಮಗು ಓಡಿಸುವ ಸ್ಕೂಟರ್ ಅಲ್ಲ ಅನ್ನಿಸಬಹುದು. ಆದರೆ ನಿಜಕ್ಕೂ ಓಡಿಸಿಬಿಡುತ್ತದೆ. ಎರಡು ಮೂರು ವರ್ಷದ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗಿ, ಅಂಗಡಿ ಮುಂದೆ ಎಂಜಿನ್ ಆರಿಸದೆ ಕಾಲು ಕೆಳಗಿಟ್ಟು "ಅಣ್ಣ, ಅರ್ಧ ಕೇಜಿ ಸಕ್ಕರೆ" ಅನ್ನುತ್ತೇವೆ. ಮಗುವಿನ ಕೈ ಹ್ಯಾಂಡಲ್ ಮೇಲೇ ಇದೆ. ಗೇರಿಲ್ಲದ ಗಾಡಿ. ತಿರುವಿದರೆ ಮುಗೀತು, ಗಾಡಿ ಮುಂದಕ್ಕೆ ಹಾರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಗಾಡಿ ಆನ್ ಇದೆಯೋ ಆಫ್ ಇದೆಯೋ ಸದ್ದಿನಿಂದ ಗೊತ್ತೇ ಆಗುವುದಿಲ್ಲ.

ನಿಂತ ಕೂಡಲೇ ಆಫ್ ಮಾಡಿ, ಕೀ ಕೈಗೆ ತೆಗೆದುಕೊಳ್ಳಿ. ಇಳಿಯುವಾಗ ಮಗು ಮೊದಲು ಇಳಿಯಲಿ, ನೀವು ಆಮೇಲೆ. ಮುಂದೆ ನಿಲ್ಲಿಸುವುದನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. 2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ನಾಲ್ಕು ವರ್ಷದೊಳಗಿನ ಮಗುವನ್ನು ಓಡಿಸುವವರ ಮೈಗೆ ಸೇಫ್ಟಿ ಹಾರ್ನೆಸ್ ಬೆಲ್ಟ್‌ನಿಂದ ಕಟ್ಟಿಕೊಳ್ಳಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ತಲೆಗೆ ಹೊಂದುವ ಹೆಲ್ಮೆಟ್ ಬೇಕು. ವೇಗ 40 ಕಿಲೋಮೀಟರ್ ದಾಟಬಾರದು. ನಾಲ್ಕು ವರ್ಷ ದಾಟಿದ ಮೇಲೆ ದೊಡ್ಡವರಿಗಿರುವ ಹೆಲ್ಮೆಟ್ ನಿಯಮವೇ.

"ಲೈಸೆನ್ಸ್ ಬೇಡ" ಅನ್ನುವ ಬ್ಯಾಟರಿ ಗಾಡಿ

ಅಂಗಡಿಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೇಜಿಯೊಳಗೆ ಇದ್ದರೆ ಅದನ್ನು ಮೋಟಾರು ವಾಹನ ಅಂತ ಲೆಕ್ಕ ಹಾಕುವುದಿಲ್ಲ. ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ.

ಕೊಳ್ಳುವಾಗ ಮೂರು ವಿಷಯ ನೋಡಿ. ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ತೋರಿಸಿ ಅಂತ ಕೇಳಿ, ಅದರಲ್ಲಿ ಮೋಟಾರ್ ಶಕ್ತಿ ಮತ್ತು ವೇಗ ಬರೆದಿರುತ್ತದೆ. ಬಿಲ್ಲಿನಲ್ಲಿ ಮಾಡೆಲ್ ಹೆಸರು ಅದಕ್ಕೆ ತಾಳೆಯಾಗಬೇಕು. ಆಮೇಲೆ "ಬೇಕಾದ್ರೆ ಸ್ಪೀಡ್ ಲಾಕ್ ತೆಗೆದುಕೊಡ್ತೀವಿ" ಅನ್ನುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಲಾಕ್ ತೆಗೆದು 25 ದಾಟಿದ ಗಾಡಿ ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ ಆಗುತ್ತದೆ. ಅದನ್ನು ಓಡಿಸುವ ಮಗುವಿಗೆ ಮುಂದೆ ಹೇಳುವ ಕಾನೂನೆಲ್ಲ ಅನ್ವಯಿಸುತ್ತದೆ. ಹಸಿರು ಪ್ಲೇಟ್ ಮೇಲೆ ಬಿಳಿ ಅಕ್ಷರದ ನಂಬರ್ ಇದ್ದರಂತೂ ಚರ್ಚೆಯೇ ಬೇಡ, ಅದು ಪೂರ್ತಿ ಪ್ರಮಾಣದ ವಾಹನ.

ನಿಯಮದೊಳಗಿನ ಗಾಡಿಯಾದರೂ ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. 25 ಕಿಲೋಮೀಟರ್ ಅಂದರೆ ಮಗು ಓಡುವ ವೇಗಕ್ಕಿಂತ ಎಷ್ಟೋ ಜಾಸ್ತಿ. ಗಾಡಿಯ ತೂಕ ಬಹಳ ಸಲ ಮಗುವಿಗಿಂತ ಹೆಚ್ಚು. ಇನ್ಶೂರೆನ್ಸ್ ಇರುವುದಿಲ್ಲವಾದ್ದರಿಂದ ಯಾರಿಗಾದರೂ ತಾಗಿದರೆ ಕೊಡಬೇಕಾದ್ದು ನಿಮ್ಮ ಜೇಬಿನಿಂದಲೇ.

ಪೆಟ್ರೋಲ್ ಸ್ಕೂಟಿ: ಕಾನೂನು ಏನು ಹೇಳುತ್ತದೆ

ಊರಲ್ಲಿ ಹರಿದಾಡುವ ಒಂದು ನಂಬಿಕೆಯಿಂದ ಶುರು ಮಾಡೋಣ. "16 ಆದ್ರೆ ಗೇರಿಲ್ಲದ ಗಾಡಿ ಓಡಿಸಬಹುದು." ಕಾನೂನಿನಲ್ಲಿ 16ರ ಮಾತು ಇದೆ, ನಿಜ. ಆದರೆ ಅದು ಎಂಜಿನ್ 50 ಸಿಸಿ ದಾಟದ ಗಾಡಿಗೆ ಮಾತ್ರ. ಅದಕ್ಕೂ ಅಪ್ಪ ಅಮ್ಮನ ಲಿಖಿತ ಒಪ್ಪಿಗೆ ಬೇಕು, ಲೈಸೆನ್ಸ್ ಬೇಕು. ಆಕ್ಟಿವಾ 110 ಸಿಸಿ. ಸ್ಕೂಟಿ ಪೆಪ್ ಪ್ಲಸ್ ಸುಮಾರು 88. ಹಾಲಿನ ಕ್ಯಾನ್, ಹುಲ್ಲಿನ ಹೊರೆ ಹೊತ್ತುಕೊಂಡು ನಮ್ಮ ಹಳ್ಳಿಹಳ್ಳಿಯಲ್ಲಿ ಓಡುವ ಟಿವಿಎಸ್ ಎಕ್ಸ್‌ಎಲ್ 100 ಕೂಡ ಹೆಸರಿಗೆ ತಕ್ಕಂತೆ ನೂರರ ಹತ್ತಿರ. ಅಂದರೆ ಅಂಗಳದಲ್ಲಿ ನಿಂತಿರುವ ಯಾವ ಗಾಡಿಯೂ 16 ವರ್ಷದವರಿಗೆ ಅಲ್ಲ. 18 ತುಂಬಲೇಬೇಕು.

ಎರಡನೇ ನಂಬಿಕೆ: "ಮೇನ್ ರೋಡಿಗೆ ಹೋಗಲ್ಲ, ಇಲ್ಲೇ ಓಣಿಯಲ್ಲಿ." ಮೋಟಾರು ವಾಹನ ಕಾಯ್ದೆಯಲ್ಲಿ ಸಾರ್ವಜನಿಕ ಸ್ಥಳ ಅಂದರೆ ಜನರಿಗೆ ಹೋಗಿ ಬರಲು ಹಕ್ಕಿರುವ ಯಾವುದೇ ಜಾಗ. ಓಣಿಯೂ ಅದೇ, ಬಡಾವಣೆಯ ಅಡ್ಡರಸ್ತೆಯೂ ಅದೇ. ಊರ ಮೈದಾನದಲ್ಲಿ ಭಾನುವಾರ ಮಗನಿಗೆ ಗಾಡಿ ಕಲಿಸುವ ಅಪ್ಪಂದಿರು ಇದನ್ನು ಗಮನಿಸಿ.

ಈಗ ಶಿಕ್ಷೆ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಸೆಕ್ಷನ್ 199ಎ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿ ಮಾಲೀಕರನ್ನೇ ತಪ್ಪಿತಸ್ಥರು ಅಂತ ಪರಿಗಣಿಸಲಾಗುತ್ತದೆ. ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಇದು ರಸ್ತೆಯಲ್ಲೇ ರಸೀದಿ ಹರಿಸಿಕೊಂಡು ಮುಗಿಸುವ ದಂಡವಲ್ಲ, ಕೋರ್ಟಿಗೆ ಹೋಗುವ ಕೇಸು. ಗಾಡಿ ಅಮ್ಮನ ಹೆಸರಲ್ಲಿದ್ದರೆ ಅಮ್ಮನೇ ಕೋರ್ಟಿಗೆ ಹೋಗಬೇಕಾಗಬಹುದು. ಪಕ್ಕದ ಮನೆಯವರ ಗಾಡಿ ಕೇಳಿ ತಂದಿದ್ದರೆ ಪಾಪ ಅವರೂ ಸಿಕ್ಕಿಬೀಳುತ್ತಾರೆ.

"ನನಗೆ ಗೊತ್ತಿರಲಿಲ್ಲ" ಅಂದರೆ ನಡೆಯುತ್ತದಾ? ನಡೆಯಬಹುದು, ಆದರೆ ಅದನ್ನು ಸಾಬೀತು ಮಾಡಬೇಕಾದವರು ನೀವು. ನಿಮ್ಮ ಒಪ್ಪಿಗೆಯಿಂದಲೇ ಓಡಿಸಿದ್ದು ಅಂತ ಕೋರ್ಟ್ ಮೊದಲೇ ಊಹಿಸಿಕೊಳ್ಳುತ್ತದೆ. ಗೊತ್ತಿರಲಿಲ್ಲ, ಅಥವಾ ತಡೆಯಲು ಮಾಡಬೇಕಾದ್ದನ್ನೆಲ್ಲ ಮಾಡಿದ್ದೆ ಅಂತ ನೀವು ತೋರಿಸಬೇಕು. ದಿನವೂ ಟ್ಯೂಷನ್‌ಗೆ ಅದೇ ಗಾಡಿಯಲ್ಲಿ ಹೋಗುತ್ತಿದ್ದರೆ ಏನಂತ ತೋರಿಸುವುದು?

ನನ್ನ ಪ್ರಕಾರ ಇದರಲ್ಲಿ ಎಲ್ಲಕ್ಕಿಂತ ಗಟ್ಟಿ ಏಟು ಮಕ್ಕಳಿಗೇ ಬೀಳುವುದು. ಇಂಥ ತಪ್ಪು ಮಾಡಿದ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಲಿ, ಡಿಎಲ್ (ಪೂರ್ತಿ ಡ್ರೈವಿಂಗ್ ಲೈಸೆನ್ಸ್) ಆಗಲಿ ಸಿಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಅಂದರೆ ಎಷ್ಟೋ ಮನೆಗಳಿಗೆ ಅನ್ನ. ಸಂಡೂರಿನ ಗಣಿಗಳ ಟಿಪ್ಪರ್, ತೋರಣಗಲ್ಲಿನ ಕಾರ್ಖಾನೆಗೆ ಓಡುವ ಲಾರಿ, ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು, ಊರೊಳಗಿನ ಆಟೋ, ಈಗ ಬಂದಿರುವ ಡೆಲಿವರಿ ಕೆಲಸ. ಹದಿನಾರರಲ್ಲಿ ಹಾಲು ತರಲು ಹೋಗಿ ಸಿಕ್ಕಿಬಿದ್ದವನಿಗೆ ಇವೆಲ್ಲ ಒಂಬತ್ತು ವರ್ಷ ಮುಚ್ಚಿದ ಬಾಗಿಲು. ದಂಡದ ಲೆಕ್ಕ ಹೇಳಿದರೆ ಬಗ್ಗದ ಹುಡುಗರು ಈ ಮಾತಿಗೆ ಸ್ವಲ್ಪ ಯೋಚಿಸುತ್ತಾರೆ.

"ಇನ್ಶೂರೆನ್ಸ್ ಇದೆಯಲ್ಲ" ಅಂತ ಧೈರ್ಯವಾಗಿರಬೇಡಿ. ಲೈಸೆನ್ಸ್ ಇಲ್ಲದವರು ಓಡಿಸಿದರೆ ಅದು ಪಾಲಿಸಿಯ ಷರತ್ತು ಮುರಿದಂತೆ. ಗಾಯಗೊಂಡವರಿಗೆ ಕಂಪನಿಯೇ ಮೊದಲು ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟುಗಳು ಆದೇಶ ಕೊಡುವುದುಂಟು. ದುಡಿಯುವ ವಯಸ್ಸಿನವರು ಸತ್ತರೆ ಪರಿಹಾರ ಹತ್ತಾರು ಲಕ್ಷ ಆಗಬಹುದು. ಮನೆ, ಸೈಟು ಮಾರಿ ಕೊಡುವ ಮೊತ್ತ ಅದು.

ಕೆಲಸಗಳ ಪಟ್ಟಿ ಬರೆಯಿರಿ

ಇದೇ ಮುಖ್ಯ ಹೆಜ್ಜೆ. ಕೀ ಬಚ್ಚಿಡುವುದಕ್ಕಿಂತ ಮೊದಲು ಇದನ್ನು ಮಾಡಿ. ಒಂದು ವಾರ, ಮನೆಯ ಮಗು ಯಾವ್ಯಾವ ಕೆಲಸಕ್ಕೆ ಗಾಡಿ ತೆಗೆದಿದೆ ಅಂತ ಕ್ಯಾಲೆಂಡರಿನ ಮೇಲೆ ಬರೆಯುತ್ತಾ ಹೋಗಿ. ಟ್ಯೂಷನ್, ಹಾಲು, ಗಿರಣಿ, ಔಷಧಿ, ಅಜ್ಜಿಯನ್ನು ಗುಡಿಗೆ ಬಿಟ್ಟಿದ್ದು, ಗೆಳೆಯನ ಮನೆಗೆ ನೋಟ್ಸ್ ತರಲು ಹೋಗಿದ್ದು. ವಾರ ಮುಗಿದ ಮೇಲೆ ನೋಡಿದರೆ ಅರ್ಧಕ್ಕಿಂತ ಜಾಸ್ತಿ ನೀವು ಹೇಳಿದ ಕೆಲಸಗಳೇ ಇರಬಹುದು.

ಈಗ ಒಂದೊಂದಕ್ಕೂ ಬೇರೆ ದಾರಿ ಹುಡುಕಿ. ಹಾಲು, ದಿನಸಿಯಂಥವು ನಡೆದು ಹೋಗುವ ದೂರದಲ್ಲೇ ಇರುತ್ತವೆ, ಹಿಂದಿನ ದಿನ ನೆನಪಿಟ್ಟುಕೊಂಡರೆ ಆಯಿತು. ಗಿರಣಿ ಕೆಲಸ ಭಾನುವಾರಕ್ಕೆ ಹಾಕಿಕೊಳ್ಳಿ. ಕಷ್ಟ ಇರುವುದು ಟ್ಯೂಷನ್‌ನದ್ದು. ಶಾಲೆ ಬಿಟ್ಟು ಮನೆಗೆ ಬಂದು, ತಿಂದು, ಅರ್ಧ ಗಂಟೆಯಲ್ಲಿ ಊರಿನ ಇನ್ನೊಂದು ತುದಿಗೆ ಹೋಗಬೇಕು. ಅಲ್ಲಿಗೆ ಬಸ್ಸು ಇರುವುದಿಲ್ಲ, ಆಟೋ ದುಬಾರಿ. ಇದಕ್ಕೆ ಕೆಲವು ದಾರಿಗಳಿವೆ.

ಸೈಕಲ್. ಗುಡ್ಡಗಳ ಬುಡ ಬಿಟ್ಟರೆ ಬಳ್ಳಾರಿ ಬಹುಪಾಲು ಸಮತಟ್ಟು ಊರು. ನಾಲ್ಕೈದು ಕಿಲೋಮೀಟರ್ ಸೈಕಲ್‌ನಲ್ಲಿ ಸಲೀಸು. ರಾಯಚೂರು, ಕೊಪ್ಪಳದ ಊರೊಳಗೂ ದೂರ ಅಷ್ಟೇ. ಪಿಯು ಸೇರಿದ ಮಕ್ಕಳಿಗೆ ಸೈಕಲ್ ಅಂದರೆ ನಾಚಿಕೆ, ಅದು ಗೊತ್ತಿರುವ ವಿಷಯ. ಗೇರ್ ಸೈಕಲ್ ಕೊಡಿಸಿದರೆ ಆ ನಾಚಿಕೆ ಅರ್ಧ ಕಡಿಮೆಯಾಗುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಒಂದು ದೀಪ ಹಾಕಿಸಿ.

ಬಸ್ಸು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಇಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಸಾಕು. ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ, ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ.

ಇನ್ನೊಂದು, ಪಾಳಿ. ಒಂದೇ ಟ್ಯೂಷನ್‌ಗೆ ಹೋಗುವ ನಾಲ್ಕು ಮಕ್ಕಳ ಮನೆಯವರು ಸೇರಿ ಒಂದು ಆಟೋ ತಿಂಗಳಿಗೆ ಮಾತಾಡಿಕೊಳ್ಳಬಹುದು. ಆದರೆ ಆಟೋದಲ್ಲಿ ಎಂಟು ಹತ್ತು ಮಕ್ಕಳನ್ನು ತುಂಬಿಸಿದರೆ ಪ್ರಯೋಜನವಿಲ್ಲ. ಟ್ಯೂಷನ್ ಮೇಷ್ಟ್ರ ಹತ್ತಿರ ಸಮಯದ ಬಗ್ಗೆ ಮಾತಾಡಲು ಸಂಕೋಚ ಬೇಡ. ಅರ್ಧ ಗಂಟೆ ಆಚೀಚೆ ಆದರೆ ಅಪ್ಪನೇ ಬಿಟ್ಟು ಬರಬಹುದು ಅಂತ ನಾಲ್ಕು ಜನ ಒಟ್ಟಿಗೆ ಹೇಳಿದರೆ ಅವರೂ ಒಪ್ಪುತ್ತಾರೆ. ಮನೆ ಹತ್ತಿರ ಇರುವ, ಹೆಸರು ಸ್ವಲ್ಪ ಕಡಿಮೆ ಇರುವ ಟ್ಯೂಷನ್ ಕೂಡ ಒಂದು ದಾರಿಯೇ. ಇದು ಯಾರಿಗೂ ಇಷ್ಟವಾಗದ ಸಲಹೆ ಅಂತ ಗೊತ್ತು.

ಕೀ

ಪಟ್ಟಿ ಮುಗಿದ ಮೇಲೆ ಕೀ ವಿಷಯ. ಟಿವಿ ಪಕ್ಕದ ಮೊಳೆಗೆ ತಗುಲಿಸುವ ಅಭ್ಯಾಸ ಬಿಡಿ. ಒಂದು ಕೀ ಓಡಿಸುವವರ ಬ್ಯಾಗಿನಲ್ಲಿ, ಇನ್ನೊಂದು ಬೀರುವಿನಲ್ಲಿ ಬೀಗ ಹಾಕಿ. ಎಲೆಕ್ಟ್ರಿಕ್ ಗಾಡಿಯಾದರೆ ಮೊಬೈಲ್ ಆ್ಯಪ್‌ನಿಂದ ಆನ್ ಆಗುವ ಮಾಡೆಲ್‌ಗಳಿವೆ, ಮಗುವಿನ ಫೋನಿನಲ್ಲಿ ಆ ಆ್ಯಪ್ ಇದೆಯಾ ನೋಡಿ. ಊರಿಗೆ ಹೋಗುವಾಗ ಗಾಡಿಗೆ ಚಕ್ರದ ಲಾಕ್ ಹಾಕಿ. ಅಜ್ಜ, ಅಜ್ಜಿ, ಮಾವಂದಿರಿಗೂ ಹೇಳಿರಬೇಕು. "ಪಾಪ, ಒಂದು ರೌಂಡ್" ಅಂತ ಕೀ ಕೊಡುವವರು ಹೆಚ್ಚಾಗಿ ಅವರೇ ಅಲ್ವಾ?

ಮಗುವಿನ ಜೊತೆ ಮಾತು

ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತು ಪರ್ಸೆಂಟ್ ಬಂದರೆ ಸ್ಕೂಟಿ ಅಂತ ಯಾವತ್ತೂ ಮಾತು ಕೊಡಬೇಡಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ಹದಿನೈದೋ ಹದಿನಾರೋ. ಅಂಕ ಬಂದರೆ ಸಿಕ್ಕಿಬೀಳುವವರು ನೀವೇ. ಈಗಾಗಲೇ ಕೊಟ್ಟಿದ್ದರೆ ಆ ಮಾತನ್ನು ಬೇರೆ ಯಾವುದಕ್ಕಾದರೂ ಬದಲಾಯಿಸಿ, ಒಳ್ಳೆ ಸೈಕಲ್, ಫೋನು, ಪ್ರವಾಸ ಯಾವುದಾದರೂ ಸರಿ.

"ಎಲ್ಲರೂ ಓಡಿಸ್ತಾರೆ" ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ವಾದ ಮಾಡಬೇಡಿ, ಅವರು ಹೇಳುವುದು ನಿಜವೇ. "ಹೌದು, ಓಡಿಸ್ತಾರೆ. ನಮ್ಮ ಮನೇಲಿ 18ಕ್ಕೆ. ಅವತ್ತು ನಾನೇ ಆರ್‌ಟಿಒಗೆ ಕರ್ಕೊಂಡು ಹೋಗ್ತೀನಿ" ಅನ್ನಿ. ಬೇಡ ಅನ್ನುವುದರ ಜೊತೆ ಒಂದು ತಾರೀಖು ಇದ್ದರೆ ಮಕ್ಕಳಿಗೆ ಕಾಯಲು ಆಗುತ್ತದೆ. ಗೆಳೆಯನ ಗಾಡಿಯ ಹಿಂದೆ ಕೂರುವುದಕ್ಕೂ ಇದೇ ನಿಯಮ ಅಂತ ಸ್ಪಷ್ಟವಾಗಿ ಹೇಳಿ. ಜೊತೆಗೆ ಇದನ್ನೂ ಸೇರಿಸಿ: "ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ, ಎಷ್ಟೊತ್ತಾದ್ರೂ ಫೋನ್ ಮಾಡು, ಬೈಯಲ್ಲ, ಬಂದು ಕರ್ಕೊಂಡು ಬರ್ತೀನಿ." ಹೇಳಿದ ಮೇಲೆ ಫೋನ್ ಬಂದ ದಿನ ಬೈಯಲೇಬಾರದು.

ಅವರು ನಮ್ಮನ್ನು ನೋಡಿ ಕಲಿಯುತ್ತಾರೆ ಅನ್ನುವುದನ್ನು ವಿವರಿಸುವ ಅಗತ್ಯವಿಲ್ಲ. ಹೆಲ್ಮೆಟ್ ಕನ್ನಡಿಗೆ ನೇತುಹಾಕಿಕೊಂಡು ರಾಯಲ್ ಸರ್ಕಲ್‌ನಲ್ಲಿ ಪೊಲೀಸರನ್ನು ಕಂಡಾಗ ಮಾತ್ರ ಹಾಕುವ ಅಪ್ಪ ಏನು ಹೇಳಿದರೂ ಮಗ ಕೇಳುವುದಿಲ್ಲ.

ಅಪಘಾತ ಆಗಿಬಿಟ್ಟರೆ

108ಕ್ಕೆ ಅಥವಾ 112ಕ್ಕೆ ಮೊದಲು ಫೋನ್. ತಲೆಗೆ ಪೆಟ್ಟಾದವರ ಹೆಲ್ಮೆಟ್ಟನ್ನು ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಎಳೆದು ತೆಗೆಯಬೇಡಿ, ಕುತ್ತಿಗೆ ತಿರುಗಿಸಬೇಡಿ. ನೀರು ಕುಡಿಸಬೇಡಿ. ಎದ್ದು ಕೂತು ಮಾತಾಡಿದರೂ ವಾಂತಿ, ಮಂಪರು, ಕಿವಿ ಮೂಗಿನಿಂದ ರಕ್ತ ಅಥವಾ ನೀರಿನಂಥದ್ದು ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ. ಬಳ್ಳಾರಿಯಲ್ಲಿ ಅಂದರೆ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಯಲ್ಲಿದೆ. ದಾಖಲು ಮಾಡುವಾಗಲೇ ಕೇಳಿ.

ಎದುರಿನವರಿಗೆ ಪೆಟ್ಟಾಗಿದ್ದರೆ ಅವರನ್ನು ಬಿಟ್ಟು ಓಡಬಾರದು. ಮಗು ಹೆದರಿ ಓಡಿಬಂದಿದ್ದರೆ ನೀವು ಕರೆದುಕೊಂಡು ವಾಪಸ್ ಹೋಗಿ, ಪೊಲೀಸರಿಗೆ ತಿಳಿಸಿ.

ಇಲ್ಲಿ ಎಷ್ಟೋ ಅಪ್ಪಂದಿರಿಗೆ ಒಂದು ಯೋಚನೆ ಬರುತ್ತದೆ, "ನಾನೇ ಓಡಿಸ್ತಿದ್ದೆ ಅಂತ ಹೇಳಿಬಿಡ್ತೀನಿ." ದಯವಿಟ್ಟು ಬೇಡ. ಪ್ರತಿ ಅಂಗಡಿ ಮುಂದೆ ಸಿಸಿ ಕ್ಯಾಮೆರಾ ಇರುವ ಕಾಲ ಇದು. ಸುಳ್ಳು ಹೇಳಿದ್ದಕ್ಕೆ, ಸಾಕ್ಷ್ಯ ಮುಚ್ಚಿದ್ದಕ್ಕೆ ಬೇರೆಯೇ ಕೇಸು ಆಗುತ್ತದೆ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಆಮೇಲೆ ಡ್ರೈವರ್ ಬದಲಾಯಿಸಲು, ರಕ್ತದ ಮಾದರಿ ಬದಲಾಯಿಸಲು ನೋಡಿದರು ಅನ್ನುವ ಆರೋಪಗಳ ಮೇಲೆಯೇ ಮನೆಯವರ ಮೇಲೆ ಇನ್ನಷ್ಟು ಕೇಸುಗಳಾದವು.

18ರೊಳಗಿನವರನ್ನು ಲಾಕಪ್‌ಗೆ ಹಾಕುವಂತಿಲ್ಲ. ವಶಕ್ಕೆ ತೆಗೆದುಕೊಂಡರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಇಡುವ ಶಕ್ತಿ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಅಲ್ಲಿ ಉಚಿತ ಸಹಾಯ ಸಿಗುತ್ತದೆ.

18 ತುಂಬಿದ ದಿನ

ಕೊಟ್ಟ ಮಾತು ಉಳಿಸಿಕೊಳ್ಳಿ. ಎಲ್‌ಎಲ್‌ಗೆ ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಬಳ್ಳಾರಿಯವರಿಗೆ ಕೆಎ 34, ರಾಯಚೂರಿಗೆ ಕೆಎ 36, ಕೊಪ್ಪಳಕ್ಕೆ ಕೆಎ 37 ಕಚೇರಿ. ಚಿಹ್ನೆಗಳ ಪರೀಕ್ಷೆಗೆ ಮಗು ತಾನೇ ಓದಿ ಕೂರಲಿ, ಏಜೆಂಟರ ಕೈಗೆ ಕೊಟ್ಟು ಪಾಸ್ ಮಾಡಿಸುವ ಚಟ ಇಲ್ಲಿಂದಲೇ ಶುರುವಾಗುವುದು.

ಎಲ್‌ಎಲ್ ಬಂದ ಮೇಲೆ ಗಾಡಿಯ ಮುಂದೆ ಹಿಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರ. ಹಿಂದೆ ಕೂರುವವರು ಲೈಸೆನ್ಸ್ ಇದ್ದು ಕಲಿಸುವವರೇ ಆಗಿರಬೇಕು, ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್. ಮೊದಲ ವಾರಗಳಲ್ಲಿ ಬೆಳಿಗ್ಗೆ ಬಡಾವಣೆಯ ರಸ್ತೆಗಳಲ್ಲೇ ಬ್ರೇಕ್, ತಿರುವು, ಕನ್ನಡಿ ನೋಡುವುದು ಕಲಿಸಿ. ಆಮೇಲೆ ಮೋತಿ ಸರ್ಕಲ್‌ನಂಥ ಜನಜಂಗುಳಿ. ಅದಿರಿನ ಲಾರಿಗಳು ಓಡುವ ಹೊಸಪೇಟೆ ರಸ್ತೆ ಕೊನೆಗೆ. ಅಲ್ಲಿಗೆ ಹೋಗುವ ಮೊದಲು ನಿಂತಿರುವ ಒಂದು ಲಾರಿಯ ಡ್ರೈವರ್‌ನ ಕೇಳಿ, ಮಗುವನ್ನು ಅವರ ಸೀಟಿನಲ್ಲಿ ಐದು ನಿಮಿಷ ಕೂರಿಸಿ. ಲಾರಿಯ ಎಡಮಗ್ಗುಲಲ್ಲಿ, ಮೂಗಿನ ಕೆಳಗೆ ನಿಂತ ಸ್ಕೂಟಿ ಆ ಸೀಟಿನಿಂದ ಎಷ್ಟು ಕಾಣುತ್ತದೆ ಅಂತ ಅವರೇ ನೋಡಲಿ.

ಎಲ್‌ಎಲ್ ಬಂದು 30 ದಿನ ಆದ ಮೇಲೆ ಡಿಎಲ್ ಟೆಸ್ಟ್‌ಗೆ ಹೋಗಬಹುದು. ಎಲ್‌ಎಲ್ ಇರುವುದು ಆರು ತಿಂಗಳು ಮಾತ್ರ. ಅದು ದಾಟಿದರೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕು, ಅದಕ್ಕೆ ಟೆಸ್ಟ್ ತಾರೀಖನ್ನು ಮೂರನೇ ತಿಂಗಳಲ್ಲೇ ಬುಕ್ ಮಾಡಿಬಿಡಿ.